ಹೋಗದೇ ಉಳಿದವರ ಸಿನಿಮಾ

"ಹಾಗಾದರೆ ಹೋಗದೇ ಉಳಿದವರ ಸಿನಿಮಾ ಎಲ್ಲಿ?" ಎಂದು ಅತ್ತೆ ಕೇಳಿದರು.

"ಅವರ ಮೇಲೆ ಏನು ಸಿನಿಮಾ ಮಾಡುತ್ತಾರಮ್ಮ? ಅಲ್ಲಿ ಏನೂ ನಡೆಯಲೇ ಇಲ್ಲವಲ್ಲ" ಎಂದು ಭಾವ ಮೊಬೈಲಿನಿಂದ ತಲೆ ಎತ್ತದೆ ಹೇಳಿದರು.

ಮೊನ್ನೆ ಭಾನುವಾರ ಪ್ರಕಾಶನಗರದ ಮನೆಯಲ್ಲಿ ಒಂದು ಸಿನಿಮಾ ನೋಡಿದ ಮೇಲೆ ನಡೆದ ಮಾತು ಇಷ್ಟೇ. ಆಮೇಲೆ ಕಾಫಿ ಬಂತು, ಮಾತು ಕಾರಿನ ವಿಮೆಯ ಕಡೆಗೆ ಹೊರಳಿತು. ನನಗೆ ಮಾತ್ರ ಸೋಮವಾರ ಕಚೇರಿಯಲ್ಲಿ ಕೂತಾಗಲೂ, ಮೆಟ್ರೊದಲ್ಲಿ ನಿಂತಾಗಲೂ, ರಾತ್ರಿ ಅನ್ನಕ್ಕೆ ಇಡುವಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಪ್ರಶ್ನೆಗಿಂತ ಉತ್ತರವೇ ಹೆಚ್ಚು ಚುಚ್ಚುತ್ತಿದೆ. ಏನೂ ನಡೆಯಲೇ ಇಲ್ಲವಂತೆ.

ನಾವು ನೋಡಿದ್ದು 2012ರ ಆಸ್ಟ್ರೇಲಿಯಾದ ಚಿತ್ರ, 'ದ ಸಫೈರ್ಸ್'. ಆರಿಸಿದ್ದು ನನ್ನ ಮಗಳು. ಹಾಡುಗಳಿವೆ, ನಗು ಇದೆ, ಅಜ್ಜಿಗೆ ಇಷ್ಟವಾಗುತ್ತದೆ ಎಂದಳು. ನನ್ನ ಸೋದರತ್ತೆಗೆ ಹಾಡಿನ ಚಿತ್ರವೆಂದರೆ ಪ್ರಾಣ. ಎಪ್ಪತ್ತರ ದಶಕದಲ್ಲಿ ಅವರು ಬೆಂಗಳೂರಿನ ಒಂದು ವಾದ್ಯಗೋಷ್ಠಿಯಲ್ಲಿ ಹಾಡುತ್ತಿದ್ದರು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಅಣ್ಣಮ್ಮ ದೇವಿಯನ್ನು ಬೀದಿಯಲ್ಲಿ ಕೂರಿಸಿದಾಗ ನಡೆಯುವ ರಾತ್ರಿಯ ರಸಮಂಜರಿ, ಎಲ್ಲದಕ್ಕೂ ಹೋಗುತ್ತಿದ್ದರು. ಅಕಾರ್ಡಿಯನ್, ಬಾಂಗೋ, ತಬಲಾ, ಒಂದು ಹಾರ್ಮೋನಿಯಂ. ಗಾಯಕರಿಗೆಲ್ಲ ಸೇರಿ ಎರಡು ಮೈಕು. ಸುಶೀಲಾ, ಜಾನಕಿಯವರ ಹಾಡುಗಳನ್ನು ಹೇಗೆ ಎತ್ತಿಕೊಳ್ಳುತ್ತಿದ್ದರೆಂದರೆ, ಪಕ್ಕದ ಓಣಿಯವರೆಗೆ ಜನ ಜಗಲಿಗೆ ಬಂದು ಕೂರುತ್ತಿದ್ದರು ಎಂದು ನನ್ನ ತಂದೆ ಹೇಳುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅವರು ವೇದಿಕೆ ಬಿಟ್ಟು ದೂರವಾಣಿ ನಗರದ ಐ.ಟಿ.ಐ. ಕಾರ್ಖಾನೆ ಸೇರಿದ್ದರು. ಮದುವೆಯಾಯಿತು, ಹಾಡು ನಿಂತಿತು ಎಂಬುದಷ್ಟೇ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಕಾರಣ.

ಚಿತ್ರದ ಕಥೆ 1968ರದು. ಆಸ್ಟ್ರೇಲಿಯಾದ ಮರ್ರೆ ನದಿಯ ದಂಡೆಯ ಕಮ್ಮೆರಗುಂಜ ಎಂಬ ಮೂಲನಿವಾಸಿಗಳ ಊರು. ಅಲ್ಲಿ ಮೂವರು ಅಕ್ಕತಂಗಿಯರು. ಅವರಿಗೊಬ್ಬಳು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ವರಸೆಯ ಸೋದರಿ. ಅವಳ ಮೈಬಣ್ಣ ತಿಳಿ ಎಂಬ ಕಾರಣಕ್ಕೆ ಸರ್ಕಾರದವರು ಚಿಕ್ಕಂದಿನಲ್ಲೇ ಎತ್ತಿಕೊಂಡು ಹೋಗಿ ಬಿಳಿಯರ ನಡುವೆ ಬೆಳೆಸಿದ್ದಾರೆ. ಈ ನಾಲ್ವರ ಕೈಗೆ ಕುಡುಕನಾದರೂ ಒಳ್ಳೆಯವನಾದ ಒಬ್ಬ ಐರಿಶ್ ಮ್ಯಾನೇಜರ್ ಸಿಕ್ಕಿ, ಅವರು ವಿಯೆಟ್ನಾಮಿನಲ್ಲಿರುವ ಅಮೆರಿಕದ ಸೈನಿಕರ ಮುಂದೆ ಹಾಡಲು ಹೋಗುತ್ತಾರೆ. ನಗಿಸುತ್ತಾ ನಗಿಸುತ್ತಾ ಚಿತ್ರ ನಮ್ಮನ್ನು ಬಾಂಬುಗಳ ನಡುವೆ ತಂದು ನಿಲ್ಲಿಸುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿ ಬರುವ ರಾತ್ರಿ ಆ ಹುಡುಗಿಯರು ಕಪ್ಪು ಸೈನಿಕರ ಎದುರು ಹಾಡಬೇಕಾಗುತ್ತದೆ. ಆ ದೃಶ್ಯದಲ್ಲಿ ನನ್ನ ಮಗಳೂ ಸುಮ್ಮನಾದಳು.

ಹಿರಿಯಕ್ಕನ ಪಾತ್ರದ ಡೆಬೊರಾ ಮೇಲ್‌ಮನ್ ಇಡೀ ಚಿತ್ರದ ಬೆನ್ನೆಲುಬು. ಇದನ್ನು ನಾನು ಯಾರೊಡನೆ ಬೇಕಾದರೂ ವಾದಿಸಿ ಗೆಲ್ಲುತ್ತೇನೆ. ಜೆಸಿಕಾ ಮೌಬಾಯ್ ಅವರ ಕಂಠ ಹಾಡುಗಳನ್ನು ಮೇಲೆತ್ತುತ್ತದೆ, ಸರಿ. ಆದರೆ ಮ್ಯಾನೇಜರು ದನಿ ಚೆನ್ನಾಗಿರುವ ಕಿರಿಯಳನ್ನು ಮುಂದೆ ತಂದು, ಅಷ್ಟು ದಿನ ಮುಂದೆ ನಿಂತಿದ್ದ ಹಿರಿಯಳನ್ನು ಹಿಂದಕ್ಕೆ ಕಳಿಸುತ್ತಾನಲ್ಲ, ಆಗ ಮೇಲ್‌ಮನ್ ಮುಖ ನೋಡಬೇಕು. ಅತ್ತೆ ಅಲ್ಲಿ ರಿಮೋಟ್ ಕೇಳಿ ಪಡೆದು ಹಿಂದಕ್ಕೆ ಹೋಗಿ ಮತ್ತೆ ನೋಡಿದರು. "ಎರಡನೇ ಮೈಕಿಗೆ ಹೋಗು ಎಂದಾಗ ಹೀಗೇ ಆಗುತ್ತದೆ" ಎಂದರು. ಮ್ಯಾನೇಜರಾದ ಕ್ರಿಸ್ ಓಡೌಡ್ ಅವರ ಬಗ್ಗೆ ನನಗೆ ಎರಡು ಮನಸ್ಸು. ಮನುಷ್ಯ ಪ್ರೀತಿ ಹುಟ್ಟಿಸುತ್ತಾರೆ, ಆದರೆ ಹುಡುಗಿಯರಿಗೆ ಸಿಗಬೇಕಾದ ಜಾಗದಲ್ಲಿ ಬಹಳಷ್ಟನ್ನು ಅವರೇ ಆಕ್ರಮಿಸಿಕೊಂಡಿದ್ದಾರೆ. ಅವರ ಬಾಯಲ್ಲಿ ಬರುವ ಒಂದು ಮಾತು ಮಾತ್ರ ಮರೆಯುವಂಥದ್ದಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ, ಅಲ್ಲಿನ ಕಪ್ಪು ಜನರ ಸೋಲ್ ಸಂಗೀತ ಎರಡೂ ಕಳೆದುಕೊಂಡದ್ದರ ಬಗ್ಗೆಯೇ ಹಾಡುತ್ತವೆ. ಮೊದಲನೆಯದರಲ್ಲಿ ಜನ ಕೈಚೆಲ್ಲಿ ಮನೆಯಲ್ಲಿ ಕೂತು ಗೋಳಾಡುತ್ತಾರೆ, ಎರಡನೆಯದರಲ್ಲಿ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೋರಾಡುತ್ತಲೇ ಇರುತ್ತಾರೆ ಎಂಬ ಅರ್ಥದ ಮಾತು ಅದು.

ಚಿತ್ರ ಮುಗಿದ ಮೇಲೆ ನಿಜವಾದ ನಾಲ್ವರು ಹೆಂಗಸರನ್ನು ತೋರಿಸುತ್ತಾರೆ. ಅತ್ತೆ ಕನ್ನಡಕ ಸರಿಮಾಡಿಕೊಂಡು, "ನಾಲ್ವರೂ ಯುದ್ಧದ ಜಾಗಕ್ಕೆ ಹೋಗಿದ್ದರೇ?" ಎಂದು ಕೇಳಿದರು. ಮಗಳು ಮೊಬೈಲಿನಲ್ಲಿ ಹುಡುಕಿ ಓದಿದಳು. ಇಲ್ಲ, ನಾಲ್ವರೂ ಹೋಗಿರಲಿಲ್ಲ. ಮೊದಲಿಗೆ ತಂಡದಲ್ಲಿದ್ದವರು ಮೂವರು: ಲಾರೆಲ್ ರಾಬಿನ್ಸನ್, ಬೆವರ್ಲಿ ಬ್ರಿಗ್ಸ್, ನಯೋಮಿ ಮೇಯರ್ಸ್. ಮೆಲ್ಬರ್ನಿನ ಹೋಟೆಲು, ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ವಿಯೆಟ್ನಾಮಿಗೆ ಕರೆ ಬಂದಾಗ ಬೆವರ್ಲಿ ಮತ್ತು ನಯೋಮಿ, ನಾವು ಈ ಯುದ್ಧವನ್ನು ಒಪ್ಪುವುದಿಲ್ಲ, ಬರುವುದಿಲ್ಲ ಎಂದರು. ಲಾರೆಲ್ ತನ್ನ ತಂಗಿ ಲೋಯಿಸ್ ಪೀಲರ್ ಅವರನ್ನು ಒಪ್ಪಿಸಿ ಕರೆದುಕೊಂಡು ಹೋದರು. ಲಾರೆಲ್ ಅವರ ಮಗ ಟೋನಿ ಬ್ರಿಗ್ಸ್ ದೊಡ್ಡವನಾಗಿ, ತಾಯಿ ಹೇಳಿದ ಕಥೆಯನ್ನು 2004ರಲ್ಲಿ ನಾಟಕ ಮಾಡಿದರು. ಆಮೇಲೆ ಅದು ಚಿತ್ರವಾಯಿತು. ಹೋದದ್ದು ಇಬ್ಬರು, ಚಿತ್ರದಲ್ಲಿ ನಾಲ್ವರು.

ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬಂದದ್ದು ಆ ಪ್ರಶ್ನೆ.

ಭಾವನ ಉತ್ತರದಲ್ಲಿ ಕೆಟ್ಟ ಉದ್ದೇಶವಿಲ್ಲ, ನನಗೆ ಗೊತ್ತು. ಅವರು ಲೆಕ್ಕಪತ್ರದ ಮನುಷ್ಯ, ಜಮೆ ಖರ್ಚಿಗೆ ಬಂದದ್ದು ಮಾತ್ರ ಅವರಿಗೆ ಇದೆ ಎಂದು ಅನ್ನಿಸುತ್ತದೆ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಔಷಧಿ ತಪ್ಪಿಸುವುದಿಲ್ಲ. ಆದರೆ ತಾಯಿಯ ಹಾಡಿನ ಕಾಲದ ಬಗ್ಗೆ ಅವರೊಮ್ಮೆಯೂ ಕೇಳಿದ್ದನ್ನು ನಾನು ಕಂಡಿಲ್ಲ. ಬಂದವರೆದುರು "ಅಮ್ಮನಿಗೆ ಮೊದಲು ಹಾಡುವ ಹವ್ಯಾಸವಿತ್ತು" ಎಂದು ಹೇಳುತ್ತಾರೆ. ಸಂಭಾವನೆ ಪಡೆದು, ರಾತ್ರಿ ಹನ್ನೊಂದರವರೆಗೆ ನಿಂತು ಹಾಡಿ, ಆ ದುಡ್ಡಿನಲ್ಲಿ ತಮ್ಮನ ಕಾಲೇಜಿನ ಫೀಸು ಕಟ್ಟಿದ ಕೆಲಸಕ್ಕೆ ಹವ್ಯಾಸ ಎನ್ನುತ್ತಾರೆ. ಆ ತಮ್ಮ ನನ್ನ ತಂದೆ.

ಏನೂ ನಡೆಯಲಿಲ್ಲವೇ? ನಯೋಮಿ ಮೇಯರ್ಸ್ ಏನು ಮಾಡಿದರು ಎಂದು ಆ ರಾತ್ರಿಯೇ ಹುಡುಕಿ ಓದಿದೆ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳೇ ನಡೆಸುವ ವೈದ್ಯಕೀಯ ಸೇವಾಕೇಂದ್ರ ಶುರುವಾಯಿತು. ಬೇರೆ ಕಡೆ ಅವಮಾನವಿಲ್ಲದೆ ವೈದ್ಯರ ಮುಂದೆ ಕೂರುವುದೇ ಕಷ್ಟವಾಗಿದ್ದ ಜನಕ್ಕೆ ತಮ್ಮದೇ ಆದ ಒಂದು ಜಾಗ. ಅದನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದ ನಯೋಮಿ, ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಯುದ್ಧಕ್ಕೆ ಹಾಡಲು ಒಲ್ಲೆ ಎಂದ ಹೆಣ್ಣುಮಗಳು ತನ್ನ ಜನರ ಜ್ವರ, ಬಾಣಂತನ, ಸಕ್ಕರೆ ಕಾಯಿಲೆ ನೋಡಿಕೊಳ್ಳುವ ಸಂಸ್ಥೆಯೊಂದನ್ನು ಎತ್ತಿ ನಿಲ್ಲಿಸಿದಳು. ಸಿನಿಮಾಕ್ಕೆ ಇನ್ನೇನು ನಡೆಯಬೇಕಿತ್ತು?

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಇವರ ಊರಾದ ಕಮ್ಮೆರಗುಂಜದಲ್ಲಿ 1939ರ ಫೆಬ್ರುವರಿ 4ರಂದು, ಸರ್ಕಾರಿ ಮೇಲ್ವಿಚಾರಕನ ದರ್ಪವನ್ನೂ ಅಲ್ಲಿನ ಹೀನ ಸ್ಥಿತಿಯನ್ನೂ ತಾಳಲಾರದೆ, ಸುಮಾರು 200 ಜನ ಮೂಟೆ ಕಟ್ಟಿಕೊಂಡು ಹೊರಟುಬಿಟ್ಟರು. ನದಿ ದಾಟಿ ಪಕ್ಕದ ವಿಕ್ಟೋರಿಯಾ ರಾಜ್ಯದ ದಂಡೆಯಲ್ಲಿ ಬಿಡಾರ ಹೂಡಿದರು. ಅದಕ್ಕೂ ಎರಡು ತಿಂಗಳ ಮೊದಲು, 1938ರ ಡಿಸೆಂಬರ್ 6ರಂದು, ಕಮ್ಮೆರಗುಂಜದವರದೇ ಆದ ಯೋರ್ಟಾ ಯೋರ್ಟಾ ಜನಾಂಗದ ವೃದ್ಧ ನಾಯಕ ವಿಲಿಯಂ ಕೂಪರ್ ಮೆಲ್ಬರ್ನಿನಲ್ಲಿ ಜರ್ಮನಿಯ ಕಾನ್ಸುಲೇಟ್ ಕಚೇರಿಗೆ ನಡೆದು ಹೋಗಿದ್ದರು. ಯೆಹೂದಿಗಳ ಮೇಲೆ ನಾತ್ಸಿಗಳು ನಡೆಸಿದ ದಾಳಿಯನ್ನು ಖಂಡಿಸುವ ಪತ್ರ ಅವರ ಕೈಯಲ್ಲಿತ್ತು. ಪತ್ರವನ್ನು ಒಳಗೆ ತೆಗೆದುಕೊಳ್ಳಲಿಲ್ಲ. ತಮ್ಮದೇ ದೇಶದಲ್ಲಿ ಪೂರ್ಣ ನಾಗರಿಕ ಹಕ್ಕುಗಳಿಲ್ಲದ ಜನ, ಕಾಣದ ದೇಶದ ಇನ್ನಾರದೋ ಸಂಕಟಕ್ಕೆ ಬೀದಿಗಿಳಿದಿದ್ದರು. ಇಂಥ ಊರಿನ, ಇಂಥ ಹಿರಿಯರ ಮೊಮ್ಮಕ್ಕಳ ತಲೆಮಾರು 1968ರಲ್ಲಿ ಇನ್ನೊಂದು ದೇಶದ ಮೇಲಿನ ಯುದ್ಧಕ್ಕೆ ಬರುವುದಿಲ್ಲ ಎಂದರೆ, ಆ ಮಾತು ಇದ್ದಕ್ಕಿದ್ದಂತೆ ಬಾಯಿಗೆ ಬಂದದ್ದಲ್ಲ. ಅದಕ್ಕೆ ಮೂವತ್ತು ವರ್ಷಗಳ ಬೇರು ಇದೆ.

ಚಿತ್ರದಲ್ಲಿ ಅವರ ಭಾಷೆಯಲ್ಲೇ ಒಂದು ಹಾಡಿದೆ. ಆ ಹಾಡಿನ ಪಯಣವೇ ಒಂದು ಕಥೆ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಶುರುವಾದ ಫಿಸ್ಕ್ ವಿಶ್ವವಿದ್ಯಾಲಯದ ಗಾಯಕ ತಂಡ 1886ರಲ್ಲಿ ಕಮ್ಮೆರಗುಂಜದ ಪೂರ್ವಜರಿದ್ದ ಮಲೋಗ ಎಂಬಲ್ಲಿಗೆ ಬಂದು ಹಾಡಿತ್ತು. ಬೈಬಲಿನಲ್ಲಿ ಬರುವ ಈಜಿಪ್ಟಿನ ಫೇರೋ ದೊರೆಯ ಸೈನ್ಯ ಕಡಲಲ್ಲಿ ಮುಳುಗಿದ್ದನ್ನು ಹೇಳುವ, ಗುಲಾಮರ ಹಾಡು ಅದು. ಯೋರ್ಟಾ ಯೋರ್ಟಾ ಜನ ಅದನ್ನು ತಮ್ಮ ಭಾಷೆಗೆ ಮಾಡಿಕೊಂಡು ಇಂದಿಗೂ ಹಾಡುತ್ತಾರೆ. ಕಪ್ಪು ಅಮೆರಿಕದ ಹಾಡು ಆ ಮನೆಗಳಿಗೆ ಯಾವ ಮ್ಯಾನೇಜರೂ ಕಲಿಸುವ ಮೊದಲೇ ಬಂದು ನೆಲೆಸಿತ್ತು. ಕಥೆಗಾಗಿ ಹುಟ್ಟಿಸಿದ ಆ ಐರಿಶ್ ಪಾತ್ರ ಸೋಲ್ ಸಂಗೀತವನ್ನು ಹುಡುಗಿಯರಿಗೆ ತಂದುಕೊಟ್ಟಂತೆ ತೋರಿಸುವಾಗ ನನಗೆ ಸಣ್ಣ ಸಿಟ್ಟು ಬರುವುದು ಇದಕ್ಕೇ.

ಭಾನುವಾರ ಭಾವ ಹೊರಗೆ ಹೋದ ಮೇಲೆ ನಾವು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತೆವು. ಅತ್ತೆ ತಾವಾಗಿಯೇ ಶುರುಮಾಡಿದರು.

ಅದು 1976. ತುರ್ತು ಪರಿಸ್ಥಿತಿ ಹೇರಿ ವರ್ಷವಾಗುತ್ತಾ ಬಂದಿತ್ತು. ಎದುರು ಮನೆಯ ಹುಡುಗ, ಕಾಲೇಜು ಓದುತ್ತಿದ್ದವನು, ಕದ್ದುಮುಚ್ಚಿ ಕರಪತ್ರ ಹಂಚಿದನೆಂದು ಹಿಡಿದುಕೊಂಡು ಹೋಗಿದ್ದರು. ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನಲ್ಲಿ ಇದ್ದ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರಂಥ ದೊಡ್ಡವರನ್ನು ಇಟ್ಟಿದ್ದ ಜೈಲು. ಅವರ ದಿನಗಳ ಬಗ್ಗೆ ಎಷ್ಟೋ ಬರೆದಿದ್ದಾರೆ. ಪ್ರಕಾಶನಗರದ ಹುಡುಗನ ಬಗ್ಗೆ ಯಾರೂ ಬರೆದಿಲ್ಲ. ಅವನ ತಾಯಿ ಡಬ್ಬಿಯಲ್ಲಿ ಊಟ ಹಿಡಿದುಕೊಂಡು ಜೈಲಿನ ಬಾಗಿಲಿಗೆ ಹೋಗುವರು, ಎಷ್ಟೋ ಸಲ ಹಾಗೆಯೇ ವಾಪಸು ಬರುವರು. ಸಂಜೆ ನಮ್ಮ ತಾತನ ಮನೆಯ ಜಗಲಿಯ ಮೇಲೆ ಬಂದು ಕೂರುವರು. ಬೀದಿಯಲ್ಲಿ ಉಳಿದವರು ಅವರೊಡನೆ ಮಾತಾಡಲು ಹೆದರುತ್ತಿದ್ದ ಕಾಲ.

ಆಗ ವಾದ್ಯಗೋಷ್ಠಿಯ ಮುಖ್ಯಸ್ಥರು ಮನೆಗೆ ಬಂದರಂತೆ. ಇಂದಿರಾ ಗಾಂಧಿ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆಂದು ಮೈದಾನದಲ್ಲಿ ದೊಡ್ಡ ಸಮಾರಂಭ, ಅದಕ್ಕೆ ರಸಮಂಜರಿ, ಮಾಮೂಲಿಗಿಂತ ಎರಡರಷ್ಟು ಸಂಭಾವನೆ.

"ನಾನು ಬರುವುದಿಲ್ಲ ಎಂದೆ" ಎಂದರು ಅತ್ತೆ. "ಅವರಿಗೆ ಅರ್ಥವೇ ಆಗಲಿಲ್ಲ. ಮೈ ಹುಷಾರಿಲ್ಲವೇ ಎಂದರು. ಹುಷಾರಾಗಿದ್ದೇನೆ, ಎದುರು ಮನೆಯ ಹುಡುಗನನ್ನು ಒಳಗೆ ಹಾಕಿದವರ ವೇದಿಕೆಯಲ್ಲಿ ನಾನು ಹಾಡುವುದಿಲ್ಲ ಎಂದೆ. ನಿನ್ನನ್ನು ರಾಜಕೀಯ ಮಾಡಲು ಯಾರು ಕರೆದರು, ಹಾಡುವುದಕ್ಕಲ್ಲವೇ ಕರೆಯುತ್ತಿರುವುದು ಎಂದರು. ಒಳಗೆ ಅಪ್ಪ ನಡುಗುತ್ತಿದ್ದರು ಕಣೆ. ಗಿರಣಿಯ ಕೆಲಸ ಹೋದರೆ ಏನು ಗತಿ ಎಂದು."

"ತಾತ ಏನಾದರೂ ಅಂದರೇ?"

"ಏನೂ ಅನ್ನಲಿಲ್ಲ. ಅವರು ಹೊರಟ ಮೇಲೆ ಬಾಗಿಲು ಹಾಕಿಕೊಂಡು ಬಂದು, ಊಟಕ್ಕೆ ಬಾ ಎಂದರು."

ಆ ವರ್ಷ ಗಣೇಶನ ಹಬ್ಬಕ್ಕೆ ಕರೆ ಬರಲಿಲ್ಲ. ರಾಜ್ಯೋತ್ಸವಕ್ಕೂ ಇಲ್ಲ. ಮರುವರ್ಷ ಚುನಾವಣೆ ನಡೆದು ಸರ್ಕಾರ ಬದಲಾಗಿ, ಹುಡುಗ ಬಿಡುಗಡೆಯಾಗಿ ಬಂದ ಮೇಲೂ ಕರೆ ಬರಲಿಲ್ಲ. ಬೇರೆ ತಂಡಗಳಿಗೂ ಮಾತು ಹೋಗಿತ್ತು: ಆ ಹುಡುಗಿ ಚೆನ್ನಾಗಿ ಹಾಡುತ್ತಾಳೆ, ಆದರೆ ತಂಟೆಯವಳು. ಅತ್ತೆ ಕಾರ್ಖಾನೆಯ ಬಸ್ಸು ಹತ್ತಿದರು. ಮದುವೆಯಾದದ್ದು ಅದರ ನಂತರ.

ಮುಖ್ಯಸ್ಥರ ಬಗ್ಗೆ ಅತ್ತೆಗೆ ಇವತ್ತಿಗೂ ಗೌರವವಿದೆ. ಅವರಂಥ ಹಾರ್ಮೋನಿಯಂ ಕೈ ಮತ್ತೆ ಕೇಳಲಿಲ್ಲ ಎನ್ನುತ್ತಾರೆ. ನನಗಿಲ್ಲ. ಇಪ್ಪತ್ತೈದರ ಹುಡುಗಿಯ ಅನ್ನದ ದಾರಿಯನ್ನು ಒಂದು ಮಾತಿಗಾಗಿ ಮುಚ್ಚಿದವರ ಕೈ ಎಷ್ಟು ಚೆನ್ನಾಗಿ ಓಡಿದರೇನು?

ಅದೇ 1976ರಲ್ಲಿ ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪದೇ ಹೋದದ್ದಕ್ಕೆ ಆಕಾಶವಾಣಿ, ದೂರದರ್ಶನಗಳಲ್ಲಿ ಅವರ ಹಾಡುಗಳನ್ನೇ ನಿಲ್ಲಿಸಿದ್ದರು. ಇದು ದೇಶಕ್ಕೆಲ್ಲ ಗೊತ್ತು. ಪ್ರತಿ ಜೂನ್ ತಿಂಗಳಲ್ಲಿ ಪತ್ರಿಕೆಗಳು ಇದನ್ನು ನೆನಪಿಸುತ್ತವೆ. ಅದೇ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ರಂಗನಟಿ ಸ್ನೇಹಲತಾ ರೆಡ್ಡಿ ಅವರ ಹೆಸರನ್ನು ಬೆಂಗಳೂರಿನಲ್ಲಿ ಕೆಲವರಾದರೂ ನೆನೆಯುತ್ತಾರೆ. ಅತ್ತೆಯದು ಅಷ್ಟು ದೊಡ್ಡ ತ್ಯಾಗ ಎಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಿದರೆ ಅತ್ತೆಯೇ ಬೈಯುತ್ತಾರೆ. ಆದರೆ ಎಷ್ಟು ಜನ ಹೀಗೆ, ಹೆಸರಿಲ್ಲದ ಕಡೆ, ಯಾವ ಪತ್ರಿಕೆಯವರೂ ಇಲ್ಲದ ನಡುಮನೆಯಲ್ಲಿ ನಿಂತು ಬರುವುದಿಲ್ಲ ಎಂದಿರಬೇಕು! ಅವರ ಮನೆಯವರೇ ಅದನ್ನು ಮದುವೆ, ಹವ್ಯಾಸ ಎಂಬ ಕಾರಣಗಳ ಕೆಳಗೆ ಮುಚ್ಚಿಟ್ಟಿರಬೇಕು.

"ಹೋಗಿ ಹಾಡಿದ ಇನ್ನೊಬ್ಬಳ ಮೇಲೆ ಕೋಪ ಬರಲಿಲ್ಲವೇ?" ಎಂದು ಮಗಳು ಕೇಳಿದಳು. ತಂಡದಲ್ಲಿ ಅತ್ತೆಯ ಜೊತೆ ಹಾಡುತ್ತಿದ್ದಾಕೆ ಆ ಸಮಾರಂಭಕ್ಕೆ ಹೋಗಿದ್ದರು. "ಯಾಕೆ ಬರಬೇಕು? ಎರಡು ಮಕ್ಕಳಿದ್ದವು, ಗಂಡ ಬಿಟ್ಟು ಹೋಗಿದ್ದ. ಅವಳು ಹೋಗಬೇಕಿತ್ತು, ನಾನು ಹೋಗಬಾರದಿತ್ತು, ಅಷ್ಟೇ. ಮಾರನೆಯ ದಿನ ಬಂದು ಯಾವ ಯಾವ ಹಾಡು ಹಾಡಿದೆ ಎಂದು ನನಗೇ ಹೇಳಿ ಅತ್ತಳು." ವಿಯೆಟ್ನಾಮಿಗೆ ಹೋದ ಲಾರೆಲ್ ಮತ್ತು ಲೋಯಿಸ್ ಬಗ್ಗೆ ನನಗೂ ಇದೇ ಅನ್ನಿಸುತ್ತದೆ. ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಸೇರಿಸಿ ಎಣಿಸಬೇಕೇ ಎಂದು ಅವರ ದೇಶ ಮತದಾನ ಮಾಡಿ ಒಪ್ಪಿದ್ದೇ 1967ರಲ್ಲಿ, ಅಂದರೆ ಹಿಂದಿನ ವರ್ಷ. ಅಂಥ ನೆಲದಿಂದ ಇಬ್ಬರು ಅಕ್ಕತಂಗಿಯರು ವಿಮಾನ ಹತ್ತಿ ಯುದ್ಧಭೂಮಿಗೆ ಹೋಗಿ, ಮನೆ ಬಿಟ್ಟು ಬಂದ ಹುಡುಗರ ಮುಂದೆ ಹಾಡಿ, ಜೀವಂತ ಮರಳಿದ್ದು ಸಣ್ಣ ಧೈರ್ಯವಲ್ಲ. ಲೋಯಿಸ್ ಪೀಲರ್ ಆಮೇಲೆ ಮೂಲನಿವಾಸಿ ಹೆಣ್ಣುಮಕ್ಕಳ ಶಾಲೆಯೊಂದನ್ನು ಮುನ್ನಡೆಸಿದರು. ಅವರ ಸಿನಿಮಾ ಬಂದದ್ದಕ್ಕೆ ನನಗೆ ಸಂತೋಷವೇ. ಕಾನ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಕ್ಕೆ, 2013ರಲ್ಲಿ ಆಸ್ಟ್ರೇಲಿಯಾದ ಚಲನಚಿತ್ರ ಅಕಾಡೆಮಿಯ 11 ಪ್ರಶಸ್ತಿಗಳು ಬಂದದ್ದಕ್ಕೆ, ಮೇಲ್‌ಮನ್ ಶ್ರೇಷ್ಠ ನಟಿಯಾದದ್ದಕ್ಕೆ, ನಿರ್ದೇಶಕ ವೇಯ್ನ್ ಬ್ಲೇರ್ ತಾವೇ ಮೂಲನಿವಾಸಿ ಸಮುದಾಯದವರಾಗಿರುವುದಕ್ಕೆ, ಎಲ್ಲಕ್ಕೂ. ನನ್ನ ಜಗಳ ಒಂದೇ. ಬರುವುದಿಲ್ಲ ಎಂದವರನ್ನೂ ಚಿತ್ರ ವಿಮಾನ ಹತ್ತಿಸಿಬಿಟ್ಟಿದೆ. ನಾಲ್ವರೂ ಹೋದರು ಎಂದಾಗ, ಇಬ್ಬರು ಬಾಯಿಬಿಟ್ಟು ಹೇಳಿದ ಮಾತು ಇಲ್ಲವಾಗುತ್ತದೆ.

ಅದೇ ಚಿತ್ರಕ್ಕೆ ಆಮೇಲೆ ಇನ್ನೊಂದು ಗತಿ ಬಂತು. 2013ರಲ್ಲಿ ಅಮೆರಿಕದಲ್ಲಿ ಡಿವಿಡಿ ಹೊರಬಂದಾಗ ಮುಖಪುಟದಲ್ಲಿ ಓಡೌಡ್ ಅವರನ್ನು ದೊಡ್ಡದಾಗಿ ಮುಂದೆ ನಿಲ್ಲಿಸಿ, ನಾಲ್ವರು ಹೆಂಗಸರನ್ನು ಹಿನ್ನೆಲೆಯಲ್ಲಿ ನೀಲಿ ಬಣ್ಣ ಬಳಿದು ಮಸುಕಾಗಿಸಿದ್ದರು. ಸಾವಿರಾರು ಜನ ಸಹಿ ಹಾಕಿ ಪ್ರತಿಭಟಿಸಿದರು. ಓಡೌಡ್ ಅವರೂ ಅದನ್ನು ಬಹಿರಂಗವಾಗಿ ಟೀಕಿಸಿದರು, ಆ ಬಗ್ಗೆ ಅವರ ಮೇಲೆ ನನಗೆ ಅಭಿಮಾನ. ಹಂಚಿಕೆದಾರರು ಕ್ಷಮೆ ಕೇಳಿದರು. ಮಗಳು ಆ ಮುಖಪುಟ ತೋರಿಸಿದಾಗ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. ಅವತ್ತು ರಾತ್ರಿ ಶ್ರೀರಾಮಪುರ ಮೆಟ್ರೊ ನಿಲ್ದಾಣಕ್ಕೆ ನಡೆದು ಬರುವಾಗ, ಇನ್ನೂ ಇಳಿಸದ ರಾಜ್ಯೋತ್ಸವದ ಫ್ಲೆಕ್ಸ್ ಒಂದು ಕಣ್ಣಿಗೆ ಬಿತ್ತು. ಶುಭ ಕೋರುವ ಗಂಡಸರ ಮುಖಗಳೇ ಸಾಲುಸಾಲು. ರಸಮಂಜರಿ ನಡೆಸಿಕೊಡುವ ತಂಡದ ಯಜಮಾನರ ಹೆಸರು ಒಂದು ಮೂಲೆಯಲ್ಲಿ. ಹಾಡುವ ಹೆಣ್ಣುಮಕ್ಕಳ ಹೆಸರಾಗಲಿ ಮುಖವಾಗಲಿ ಇಲ್ಲ. ಅತ್ತೆ ಹಾಡುತ್ತಿದ್ದ ಬೀದಿ ಅದು. ಐವತ್ತು ವರ್ಷ ಕಳೆದರೂ ಆ ಫಲಕದಲ್ಲಿ ಒಂದು ಹೆಸರು ಸೇರಿಸುವಷ್ಟು ಜಾಗ ಈ ಊರಿಗೆ ಸಿಕ್ಕಿಲ್ಲ.

ಗುರುವಾರ ರಾತ್ರಿ ಭಾವನಿಗೆ ಉದ್ದವಾದ ಸಂದೇಶ ಬರೆದೆ. ಅತ್ತೆಯ ಒಪ್ಪಿಗೆ ಕೇಳಿಯೇ ಬರೆದೆ. ಅಲ್ಲಿ ಏನೂ ನಡೆಯಲಿಲ್ಲ ಎಂದಿರಲ್ಲ, ಆ ಸಿನಿಮಾದಲ್ಲಿ ಏನೇನಿರುತ್ತದೆ ಹೇಳುತ್ತೇನೆ ಕೇಳಿ ಎಂದು ಶುರುಮಾಡಿದೆ. ಮೊದಲು ಮೆಲ್ಬರ್ನಿನ ಒಂದು ಹೋಟೆಲು, ಮೂವರು ಹಾಡಿ ಮುಗಿಸಿ ಮುಖ ಒರೆಸಿಕೊಳ್ಳುತ್ತಿರುವಾಗ ಒಬ್ಬ ಬಂದು ವಿಯೆಟ್ನಾಮ್ ಎನ್ನುತ್ತಾನೆ. ಮೂವರ ಮುಖದಲ್ಲೂ ಮೊದಲು ಹುಟ್ಟುವುದು ಆಸೆಯೇ. ಮನೆಗೆ ಹೋಗುವ ದಾರಿಯಲ್ಲಿ ಒಬ್ಬಳು ಮಾತು ನಿಲ್ಲಿಸುತ್ತಾಳೆ. ಇನ್ನೊಬ್ಬಳಿಗೆ ಅಜ್ಜಿ ಹೇಳುತ್ತಿದ್ದ, ಮೂಟೆ ಹೊತ್ತು ನದಿ ದಾಟಿದ ದಿನದ ಕಥೆ ನೆನಪಾಗುತ್ತದೆ. ಬರುವುದಿಲ್ಲ ಎಂದು ಹೇಳುವ ದೃಶ್ಯ. ಗೆಳತಿಯನ್ನು ಬೀಳ್ಕೊಡುವ ದೃಶ್ಯ, ಇಬ್ಬರಿಗೂ ತಮ್ಮದೇ ಸರಿ, ಇಬ್ಬರಿಗೂ ಅಳು. ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿ ಹುಡುಗರನ್ನು ಸೈನ್ಯಕ್ಕೆ ಆರಿಸುತ್ತಿದ್ದ ದೇಶ ಅದು; ಅಂಥ ಒಂದು ಮನೆಯ ದೃಶ್ಯ. 1970ರ ಮೇ ತಿಂಗಳಲ್ಲಿ ಯುದ್ಧ ನಿಲ್ಲಿಸಿ ಎಂದು ಮೆಲ್ಬರ್ನಿನ ಬೀದಿ ತುಂಬಿ ಹರಿದ 70,000ಕ್ಕೂ ಹೆಚ್ಚು ಜನ. ಆಮೇಲೆ ರೆಡ್‌ಫರ್ನಿನ ಆ ಸೇವಾಕೇಂದ್ರ, ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಂದಿರು. ಎಲ್ಲದರ ನಡುವೆ ಹಾಡು, ಬೇಕಾದಷ್ಟು ಹಾಡು. ಇದರಲ್ಲಿ ಅರ್ಧ ನನ್ನ ಕಲ್ಪನೆ ಭಾವ, ಆದರೆ ಹೋಗುವುದಿಲ್ಲ ಎಂದದ್ದು, ರೆಡ್‌ಫರ್ನ್ ಕಟ್ಟಿದ್ದು ನಿಜ ಎಂದು ಬರೆದೆ. ಅದರ ಕೆಳಗೆ 1976ರ ಕಥೆಯನ್ನು ಅತ್ತೆ ಹೇಳಿದಂತೆಯೇ ಬರೆದೆ.

ಭಾವ ಸಂದೇಶಗಳಿಗೆ ಹೆಬ್ಬೆರಳಿನ ಗುರುತು ಒತ್ತಿ ಮುಗಿಸುವವರು. ಈ ಸಲ ಅದೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಫೋನ್ ಬಂತು.

"ಎದುರು ಮನೆಯ ಆ ಹುಡುಗ ಈಗ ಇದ್ದಾರೆಯೇ?"

"ಅತ್ತೆಯನ್ನೇ ಕೇಳಿ ಭಾವ."

ಕೇಳಿದ್ದಾರೆ. ಎಪ್ಪತ್ತು ದಾಟಿದ ಅವರು ಕೆಂಗೇರಿ ಉಪನಗರದಲ್ಲಿದ್ದಾರೆ, ಮೇಷ್ಟರಾಗಿ ನಿವೃತ್ತರು. ಪ್ರತಿ ದೀಪಾವಳಿಗೆ ಅತ್ತೆಯ ಮನೆಗೆ ಸಿಹಿಯ ಡಬ್ಬ ಹಿಡಿದು ಬರುವ, ಭಾವ ಇಷ್ಟು ವರ್ಷ "ಹಳೆಯ ಬೀದಿಯವರು ಯಾರೋ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದ ಮನುಷ್ಯ ಅವರೇ. ಈ ಭಾನುವಾರ ಭಾವ ಅತ್ತೆಯನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ನನ್ನ ಮಗಳೂ ಹೊರಟಿದ್ದಾಳೆ. ಇಬ್ಬರ ಮಾತನ್ನೂ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಬೇಕಂತೆ. ಅತ್ತೆ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಹಾಡಿ ಎಂದು ಯಾರೂ ಬಲವಂತ ಮಾಡಬಾರದು, ಹಾಡಬೇಕೆನಿಸಿದರೆ ತಾವೇ ಹಾಡುತ್ತಾರಂತೆ.